ಅಂಚೆ ಚೀಲದಿಂದ ಹೊರಬಿದ್ದ ಮೊದಲ ಪತ್ರಿಕೆ

ಮಾನ್ಯ ಸಂಪಾದಕರಿಗೆ ವಂದನೆಗಳು.

ಜನವರಿ 29ರ ಪತ್ರಿಕಾ ದಿನದ ನಿಮಿತ್ತ ನಿಮ್ಮ ಪತ್ರಿಕೆಯಲ್ಲಿ ಬಂದ ಕಿರುಬರಹವನ್ನು ಆಸಕ್ತಿಯಿಂದ ಓದಿದೆ. 1780ರ ಆ ಶನಿವಾರ ಜೇಮ್ಸ್ ಅಗಸ್ಟಸ್ ಹಿಕಿ ಎಂಬಾತ ಕಲ್ಕತ್ತೆಯಲ್ಲಿ ‘ಬೆಂಗಾಲ್ ಗೆಜೆಟ್’ ಎಂಬ ವಾರಪತ್ರಿಕೆಯನ್ನು ಹೊರಡಿಸಿದ, ಅದರಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನನ್ನು ಟೀಕಿಸಿದ, ಸರ್ಕಾರ ಪತ್ರಿಕಾ ಕಾಯ್ದೆಯನ್ನು ಪ್ರಯೋಗಿಸಿ ಅದನ್ನು ಮುಚ್ಚಿಸಿತು ಎಂದು ಆ ಬರಹ ಹೇಳುತ್ತದೆ. ಮೊದಲಿನ ಎರಡು ಮಾತು ಸರಿ. ಮೂರನೆಯದು ಸರಿಯಲ್ಲ. 1780ರಲ್ಲಿ ಕಲ್ಕತ್ತೆಯಲ್ಲಿ ಪ್ರಯೋಗಿಸುವುದಕ್ಕೆ ಪತ್ರಿಕಾ ಕಾಯ್ದೆಯೆಂಬುದೇ ಇರಲಿಲ್ಲ. ಕಾಯ್ದೆಯಿಲ್ಲದ ಊರಿನಲ್ಲಿ ಪತ್ರಿಕೆಯೊಂದನ್ನು ಹೇಗೆ ಕಟ್ಟಿಹಾಕಲಾಯಿತು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೆ ಇಳಿದುಹೋಗಿದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನಾನೂ ಬಹುಕಾಲ ಆ ಒಂದು ಸಾಲನ್ನೇ ಹೇಳಿಕೊಂಡು ಬಂದವನು. ತಿದ್ದಿಕೊಳ್ಳಬೇಕಾದ ಹೊಣೆ ನನ್ನ ಮೇಲೂ ಇರುವುದರಿಂದ ಈ ಪತ್ರ ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಸ್ಥಳ ಮಾಡಿಕೊಡಬೇಕು.

ಕಥೆ ಹಿಕಿಯಿಂದ ಆರಂಭವಾಗುವುದೂ ಇಲ್ಲ. ಅವನಿಗಿಂತ 12 ವರ್ಷ ಮೊದಲು, 1768ರ ಸೆಪ್ಟೆಂಬರಿನಲ್ಲಿ, ವಿಲಿಯಂ ಬೋಲ್ಟ್ಸ್ ಎಂಬ ವರ್ತಕ ಕಲ್ಕತ್ತೆಯ ಕೌನ್ಸಿಲ್ ಹೌಸಿನ ಬಾಗಿಲಿಗೆ ಕೈಬರಹದ ಒಂದು ಪ್ರಕಟಣೆಯನ್ನು ಅಂಟಿಸಿದ. ಈತ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದು, ಮೇಲಿನವರೊಡನೆ ಮನಸ್ತಾಪ ಕಟ್ಟಿಕೊಂಡು ಕೆಲಸ ಬಿಟ್ಟವನು. ಈ ನಗರದಲ್ಲಿ ಮುದ್ರಣಾಲಯವಿಲ್ಲದ್ದರಿಂದ ವ್ಯವಹಾರಕ್ಕೂ ಸಮುದಾಯಕ್ಕೂ ತೊಂದರೆಯಾಗಿದೆ; ಮುದ್ರಣದ ಕೆಲಸ ಬಲ್ಲವರು ಯಾರಾದರೂ ಬಂದರೆ ತಾನು ನೆರವಾಗುವೆ; ಅಲ್ಲಿಯವರೆಗೆ ಎಲ್ಲರಿಗೂ ಸಂಬಂಧಿಸಿದ ಅನೇಕ ವಿಷಯಗಳು ತನ್ನಲ್ಲಿ ಹಸ್ತಪ್ರತಿಯ ರೂಪದಲ್ಲಿವೆ, ಆಸಕ್ತರು ಬೆಳಗಿನ 10ರಿಂದ 12ರ ಒಳಗೆ ಮನೆಗೆ ಬಂದು ಓದಬಹುದು, ನಕಲು ಮಾಡಿಕೊಳ್ಳಬಹುದು ಎಂಬುದು ಅದರ ಒಕ್ಕಣೆ. ಕಂಪನಿ ಆತನನ್ನು ಹಡಗು ಹತ್ತಿಸಿ ಬಂಗಾಳದಿಂದ ಗಡೀಪಾರು ಮಾಡಿತು. ಅಚ್ಚಿನ ಮೊಳೆಯೇ ಇಲ್ಲದ ಊರಿನಲ್ಲಿ, ಬಾಗಿಲಿಗೆ ಅಂಟಿಸಿದ ಒಂದು ಹಾಳೆಗೆ ಸಿಕ್ಕ ಉತ್ತರ ಅದು.

ಗಡೀಪಾರಿನ ಈ ಅಧಿಕಾರವನ್ನು ಅರ್ಥ ಮಾಡಿಕೊಳ್ಳದೆ ಮುಂದಿನದು ತಿಳಿಯುವುದಿಲ್ಲ. ಕಲ್ಕತ್ತೆ ಆಗ ಒಂದು ವ್ಯಾಪಾರಿ ಕಂಪನಿಯ ವಸಾಹತು. ಕಂಪನಿಯ ಅನುಮತಿಯಿಲ್ಲದೆ ಯಾವ ಇಂಗ್ಲಿಷರವನೂ ಅಲ್ಲಿ ನೆಲೆಸುವಂತಿರಲಿಲ್ಲ. ಮಾಲೀಕ ತನ್ನ ಹಿತ್ತಿಲಿನಿಂದ ಬೇಡದವನನ್ನು ಹೊರಗಟ್ಟುವಂತೆ ಕಂಪನಿ ಬೇಡದವನನ್ನು ಹಡಗಿಗೆ ಕಳುಹಿಸಬಹುದಾಗಿತ್ತು. ಪತ್ರಿಕೆಗೆಂದೇ ಬೇರೆ ಕಾಯ್ದೆ ಮಾಡುವ ಅಗತ್ಯ ಬಹುಕಾಲ ಅವರಿಗೆ ಬೀಳದಿದ್ದುದು ಈ ಕಾರಣಕ್ಕೆ.

ಹಿಕಿ ಐರ್ಲೆಂಡಿನವನು. ಲಂಡನ್ನಿನಲ್ಲಿ ಮುದ್ರಕನೊಬ್ಬನ ಬಳಿ ಕೆಲಸ ಕಲಿತು, ಹಡಗಿನಲ್ಲಿ ವೈದ್ಯನ ಸಹಾಯಕನಾಗಿ 1772ರಲ್ಲಿ ಕಲ್ಕತ್ತೆಗೆ ಬಂದ. ಕರಾವಳಿ ವ್ಯಾಪಾರಕ್ಕೆ ಕೈಹಾಕಿ ನಷ್ಟಹೊಂದಿ 1776ರಲ್ಲಿ ಸಾಲಕ್ಕಾಗಿ ಸೆರೆಮನೆ ಸೇರಿದ. ಆ ಸೆರೆವಾಸದ ಕಾಲದಲ್ಲೇ ಮೊಳೆಗಳನ್ನು ಸಂಪಾದಿಸಿಕೊಂಡು ಮುದ್ರಣದ ಕೆಲಸ ಶುರುಮಾಡಿದ. ಸೇನೆಯ ಭತ್ಯೆಯ ಬಿಲ್ಲುಗಳನ್ನು ಕಂಪನಿಗಾಗಿ ಅಚ್ಚುಹಾಕಿದ. ಸೇನಾಧಿಪತಿ ಸರ್ ಐರ್ ಕೂಟ್‌ನಿಂದ ಸೈನ್ಯದ ನಿಯಮಾವಳಿಯನ್ನು ಮುದ್ರಿಸುವ ದೊಡ್ಡ ಕೆಲಸವನ್ನೂ ಹಿಡಿದ, ಆದರೆ ಅದರ ಹಣ ಅವನ ಕೈಗೆ ಸರಿಯಾಗಿ ಬರಲಿಲ್ಲ. ಪತ್ರಿಕೆ ಹುಟ್ಟಿದ್ದು ಈ ಬಾಕಿಯ ನಡುವೆ. ಎಲ್ಲ ಪಕ್ಷಗಳಿಗೂ ತೆರೆದಿರುವ, ಯಾರ ಪ್ರಭಾವಕ್ಕೂ ಒಳಗಾಗದ ರಾಜಕೀಯ ಮತ್ತು ವಾಣಿಜ್ಯ ವಾರಪತ್ರಿಕೆ ಎಂದು ಅವನು ತಲೆಬರಹದ ಕೆಳಗೆ ಹಾಕಿಕೊಂಡ. ಮನಸ್ಸಿಗೂ ಆತ್ಮಕ್ಕೂ ಸ್ವಾತಂತ್ರ್ಯವನ್ನು ಕೊಂಡುಕೊಳ್ಳುವುದಕ್ಕಾಗಿ ದೇಹವನ್ನು ದುಡಿಮೆಗೆ ತೆತ್ತಿದ್ದೇನೆ ಎಂಬರ್ಥದಲ್ಲಿ ಆತ ಬರೆದುಕೊಂಡದ್ದುಂಟು. ಸಾಲದ ಸೆರೆಯನ್ನು ಕಂಡವನ ಬಾಯಲ್ಲಿ ಆ ಮಾತು ಬರೀ ಅಲಂಕಾರವೆಂದು ನನಗೆ ಅನ್ನಿಸುವುದಿಲ್ಲ.

ಪತ್ರಿಕೆಯ ಹಾಳೆಗಳಲ್ಲಿ ರಾಜಕೀಯ ಒಂದು ಪಾಲು ಮಾತ್ರ. ಕಲ್ಕತ್ತೆಯ ಕೆಟ್ಟ ರಸ್ತೆಗಳು, ಕೊಳೆತ ಚರಂಡಿಗಳು, ಓದುಗರ ಪತ್ರಗಳು, ಪದ್ಯಗಳು, ಹಡಗುಗಳ ಸುದ್ದಿ, ಹರಾಜಿನ ಪ್ರಕಟಣೆಗಳು ಅದನ್ನು ತುಂಬಿದ್ದವು. ಅದೇ ವರ್ಷದ ಜುಲೈಯಲ್ಲಿ ಹೈದರ್ ಅಲಿಯ ಸೈನ್ಯ ತಮಿಳು ನಾಡಿನ ಕರ್ನಾಟಿಕ್ ಸೀಮೆಗೆ ಇಳಿದು, ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದರು. ಆ ಯುದ್ಧದ ಸುದ್ದಿಯೂ ಹಿಕಿಯ ಪತ್ರಿಕೆಯಲ್ಲಿ ಬಂದಿತು. ಭಾರತದ ಮೊದಲ ವೃತ್ತಪತ್ರಿಕೆ ತನ್ನ ಮೊದಲ ವರ್ಷದಲ್ಲೇ ಮೈಸೂರಿನ ಹೆಸರನ್ನು ಅಚ್ಚುಹಾಕಿತೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಪೊಳ್ಳಿಲೂರಿನ ಸೋಲಿನ ಬಳಿಕ ಕಲ್ಕತ್ತೆಯಿಂದ ಮದರಾಸಿಗೆ ಧಾವಿಸಿದ ಸೇನಾಪತಿ ಹಿಕಿಗೆ ಮುದ್ರಣದ ಕೆಲಸ ಕೊಟ್ಟಿದ್ದ ಅದೇ ಐರ್ ಕೂಟ್.

ಅಂಚೆಯ ವಿಷಯ ಬರುವುದು ಇಲ್ಲಿ. ಬರ್ನಾರ್ಡ್ ಮೆಸಿಂಕ್ ಮತ್ತು ಪೀಟರ್ ರೀಡ್ ಎಂಬಿಬ್ಬರು ‘ಇಂಡಿಯಾ ಗೆಜೆಟ್’ ಎಂಬ ಎದುರಾಳಿ ಪತ್ರಿಕೆಗೆ ಸಿದ್ಧತೆ ನಡೆಸಿದ್ದರು. ಸರ್ಕಾರದ ಒಲವು ಅವರ ಕಡೆಗಿತ್ತು. ಅಂಚೆಯ ಸೌಲಭ್ಯವೂ ಅವರಿಗೆ ದೊರೆಯಿತು. ತಾನು ಲಂಚ ಕೊಡಲು ಒಪ್ಪದ್ದರಿಂದಲೇ ಎದುರಾಳಿಗಳಿಗೆ ಬೆಂಬಲ ಸಿಗುತ್ತಿದೆಯೆಂದು ಹಿಕಿ, ಕಂಪನಿಯ ಒಬ್ಬ ನೌಕರನ ಹೆಸರನ್ನೂ ಹೇಸ್ಟಿಂಗ್ಸ್‌ನ ಪತ್ನಿಯ ಹೆಸರನ್ನೂ ಎತ್ತಿ ಬರೆದ. 1780ರ ನವೆಂಬರ್ 14ರಂದು ಸರ್ಕಾರದ ಆಜ್ಞೆ ಹೊರಟಿತು: ಹಿಕಿಯ ಪತ್ರಿಕೆಯಲ್ಲಿ ವ್ಯಕ್ತಿಗಳ ಚಾರಿತ್ರ್ಯವನ್ನು ಹಳಿಯುವ, ವಸಾಹತಿನ ಶಾಂತಿಯನ್ನು ಕದಡುವ ಬರಹಗಳು ಕಂಡುಬಂದಿರುವುದರಿಂದ ಇನ್ನು ಮುಂದೆ ಅದನ್ನು ಸಾರ್ವಜನಿಕ ಅಂಚೆಯ ಮೂಲಕ ಕಳುಹಿಸಲು ಅನುಮತಿಯಿಲ್ಲ. ನಾಲ್ಕೇ ದಿನಗಳಲ್ಲಿ, ನವೆಂಬರ್ 18ರಂದು, ‘ಇಂಡಿಯಾ ಗೆಜೆಟ್’ ಹೊರಬಂದಿತು.

ಈ ಆಜ್ಞೆಯನ್ನು ನಿಧಾನವಾಗಿ ಓದಿದರೆ ಅದರ ಜಾಣತನ ತಿಳಿಯುತ್ತದೆ. ಅದು ಬರೆಯಬೇಡವೆಂದು ಹೇಳುವುದಿಲ್ಲ, ಅಚ್ಚುಹಾಕಬೇಡವೆಂದೂ ಹೇಳುವುದಿಲ್ಲ. ನಮ್ಮ ಚೀಲದಲ್ಲಿ ಹೊರುವುದಿಲ್ಲವೆಂದಷ್ಟೇ ಹೇಳುತ್ತದೆ. ಕಲ್ಕತ್ತೆಯ ಇಂಗ್ಲಿಷ್ ಓದುಗರು ಬೆರಳೆಣಿಕೆಯವರು. ಪತ್ರಿಕೆಯ ಬದುಕು ನಿಂತಿದ್ದು ಒಳನಾಡಿನ ದಂಡುಗಳಲ್ಲಿದ್ದ ಅಧಿಕಾರಿಗಳ, ನದಿದಂಡೆಯ ಊರುಗಳಲ್ಲಿದ್ದ ವರ್ತಕರ ಚಂದಾದ ಮೇಲೆ. ಅಂಚೆ ತಪ್ಪಿದರೆ ಅವರು ತಪ್ಪಿದಂತೆ. ಹಿಕಿ ಸುಮ್ಮನಾಗಲಿಲ್ಲ. ಊರೊಳಗೆ ಪತ್ರಿಕೆ ಹಂಚಲು ತನ್ನದೇ ಹರ್ಕಾರರನ್ನು ನೇಮಿಸಿಕೊಂಡ. ಈ ಹರ್ಕಾರ ಎಂಬ ಶಬ್ದವೇ ಕನ್ನಡದಲ್ಲಿ ಹರಿಕಾರ ಎಂದಾಗಿದೆ. ಓಲೆ ಹೊತ್ತು ಓಡುವವನೆಂಬ ಅದರ ಹಳೆಯ ಅರ್ಥ ಮಾಸಿಹೋಗಿ, ಹೊಸದೊಂದನ್ನು ಮೊದಲು ತಂದವನೆಂಬ ಗೌರವದ ಅರ್ಥವಷ್ಟೇ ಇಂದು ನಮ್ಮಲ್ಲಿ ಉಳಿದಿದೆ. ಹಿಕಿಯನ್ನು ಭಾರತೀಯ ಪತ್ರಿಕೋದ್ಯಮದ ಹರಿಕಾರ ಎಂದು ನಿಮ್ಮ ಬರಹ ಕರೆದಿದೆ. ನಿಷೇಧದ ನಂತರ ಅವನ ಪತ್ರಿಕೆಯನ್ನು ಬಿಸಿಲಲ್ಲಿ ಮನೆಮನೆಗೆ ಮುಟ್ಟಿಸಿದ ನಿಜವಾದ ಹರಿಕಾರರ ಒಂದು ಹೆಸರಾದರೂ ನಮಗೆ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು!

ಮುಂದಿನದು ನ್ಯಾಯಾಲಯದ ಕಥೆ. ಹೇಸ್ಟಿಂಗ್ಸ್‌ನನ್ನೂ, ಮುಖ್ಯ ನ್ಯಾಯಾಧೀಶ ಇಲೈಜಾ ಇಂಪೆಯನ್ನೂ, ಸ್ವೀಡನ್ ಮೂಲದ ಮಿಶನರಿ ಕೀರ್ನಾಂಡರ್‌ನನ್ನೂ ಹಿಕಿ ಬಿಡದೆ ಕೆಣಕಿದ. ಏರಿ ಕಟ್ಟೆಗಳ ದುರಸ್ತಿಯ ಗುತ್ತಿಗೆ ಇಂಪೆಯ ಬಂಧುವಿಗೆ ಸಿಕ್ಕಿದ್ದನ್ನು ಹಿಡಿದು ಆತನಿಗೆ ‘ಪೂಲ್‌ಬಂದಿ’ (ಕಟ್ಟೆ ಕಟ್ಟುವ, ದುರಸ್ತಿ ಮಾಡುವ ಕೆಲಸಕ್ಕೆ ಆಗಿದ್ದ ಹೆಸರು) ಎಂಬ ಅಡ್ಡಹೆಸರಿಟ್ಟ. ಕೀರ್ನಾಂಡರ್ ಅನಾಥರ ನಿಧಿಯನ್ನು ದುರುಪಯೋಗ ಮಾಡಿದನೆಂದು ಆರೋಪಿಸಿದ. 1781ರ ಜೂನ್‌ನಲ್ಲಿ ಹೇಸ್ಟಿಂಗ್ಸ್ ಮತ್ತು ಕೀರ್ನಾಂಡರ್ ಹೂಡಿದ ಮಾನನಷ್ಟ ಮೊಕದ್ದಮೆಗಳು ವಿಚಾರಣೆಗೆ ಬಂದದ್ದು, ಹಿಕಿ ಯಾರನ್ನು ಪೂಲ್‌ಬಂದಿಯೆಂದು ಕರೆದಿದ್ದನೋ ಅದೇ ಇಂಪೆಯ ಸುಪ್ರೀಂ ಕೋರ್ಟಿನಲ್ಲಿ. ಹಿಕಿಗೆ ಸೆರೆವಾಸವಾಯಿತು. ಸೆರೆಮನೆಯಿಂದಲೂ ಅವನು ತಿಂಗಳುಗಟ್ಟಲೆ ಪತ್ರಿಕೆ ನಡೆಸಿದ. ಹೇಸ್ಟಿಂಗ್ಸ್ ಮತ್ತೆ ಮೊಕದ್ದಮೆ ಹೂಡಿದ; ಕೊನೆಗೆ ಕೋರ್ಟಿನ ಆಜ್ಞೆಯಂತೆ ಮೊಳೆಗಳು ಜಪ್ತಿಯಾಗಿ, 1782ರ ಮಾರ್ಚ್ 30ರ ಸಂಚಿಕೆಯೊಡನೆ ಪತ್ರಿಕೆ ನಿಂತಿತು. ಜಪ್ತಿಯಾದ ಮೊಳೆಗಳು ಹರಾಜಿನಲ್ಲಿ ಎದುರಾಳಿ ‘ಇಂಡಿಯಾ ಗೆಜೆಟ್’ನ ಪಾಲಾದವು.

ನನ್ನ ತಂದೆ ಹುಬ್ಬಳ್ಳಿಯ ಒಂದು ಚಿಕ್ಕ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಮಾಲೀಕ ಸಾಲ ತೀರಿಸಲಾಗದೆ ಮುದ್ರಣಾಲಯವನ್ನು ಮಾರಿದ ದಿನ, ಮೊಳೆಗಳನ್ನಿಡುವ ಪೆಟ್ಟಿಗೆಗಳಾದ ಕೇಸುಗಳನ್ನು ಬಿಚ್ಚಿ ಮೊಳೆಗಳನ್ನು ಗೋಣಿಚೀಲಕ್ಕೆ ಸುರಿದು ತೂಕಕ್ಕೆ ಹಾಕಿದ್ದನ್ನು ಅವರು ಮನೆಗೆ ಬಂದು ಹೇಳಿದ್ದು ನನ್ನ ನೆನಪಿನಲ್ಲಿದೆ. ಅಂದು ರಾತ್ರಿ ಅವರು ಊಟ ಮಾಡಲಿಲ್ಲ. ಹಾಗಾಗಿ ಹಿಕಿಯ ಕಥೆಯಲ್ಲಿ ಮೊಕದ್ದಮೆಗಿಂತ ಆ ಹರಾಜು ನನ್ನನ್ನು ಹೆಚ್ಚು ತಟ್ಟುತ್ತದೆ.

ಹಾಗೆಂದು ಹಿಕಿಯನ್ನು ಹುತಾತ್ಮನ ಪೀಠದಲ್ಲಿ ಕೂರಿಸುವುದು ನನ್ನ ಉದ್ದೇಶವಲ್ಲ. ಪರರ ಮನೆಯ ಮಾತುಗಳನ್ನು ಬೀದಿಗೆ ತಂದವನೂ ಅವನೇ. ಆ ಪತ್ರಿಕೆಗಳು ಯಾರಿಗಾಗಿ ಇದ್ದವು ಎಂಬುದನ್ನು ಜಾಹೀರಾತುಗಳು ಬರಹಗಳಿಗಿಂತ ಸ್ಪಷ್ಟವಾಗಿ ಹೇಳುತ್ತವೆ. 1780ರ ದಶಕದ ಕಲ್ಕತ್ತೆಯ ಪತ್ರಿಕೆಗಳಲ್ಲಿ ಮದ್ಯ, ಕುದುರೆ, ಸಾರೋಟುಗಳ ಮಾರಾಟದ ಪಕ್ಕದಲ್ಲೇ ಗುಲಾಮ ಹುಡುಗರ ಮಾರಾಟದ ಪ್ರಕಟಣೆಗಳಿವೆ. ಓಡಿಹೋದ ಗುಲಾಮನನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂಬ ಪ್ರಕಟಣೆಗಳಿವೆ. ಸಂಪಾದಕನ ಸ್ವಾತಂತ್ರ್ಯದ ಮಾತು ಮತ್ತು ಮನುಷ್ಯನ ಮಾರಾಟದ ಮಾತು ಒಂದೇ ಕೇಸಿನ ಮೊಳೆಗಳಿಂದ ಜೋಡಿಸಲ್ಪಟ್ಟವು. ಪತ್ರಿಕಾ ದಿನದ ಭಾಷಣಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಎತ್ತಬೇಕೆಂದು ನಾನು ವಿನಂತಿಸುತ್ತೇನೆ, ಏಕೆಂದರೆ ‘ಎಲ್ಲ ಪಕ್ಷಗಳಿಗೂ ತೆರೆದಿರುವ’ ಆ ಪತ್ರಿಕೆಗಳಲ್ಲಿ ವಸಾಹತಿನ ಬಹುಪಾಲು ನಿವಾಸಿಗಳಿಗೆ ಇದ್ದ ಜಾಗ ಇಷ್ಟೇ.

ಹಿಕಿಯ ಅನುಭವದಿಂದ ಮುಂದಿನವರು ಪಾಠ ಕಲಿತರು. 1784ರ ‘ಕಲ್ಕತ್ತಾ ಗೆಜೆಟ್’ ಸರ್ಕಾರದ ಒಪ್ಪಿಗೆ ಪಡೆದೇ ಹೊರಟಿತು. 1785ರಲ್ಲಿ ರಿಚರ್ಡ್ ಜಾನ್‌ಸ್ಟನ್ ಆರಂಭಿಸಿದ ‘ಮದ್ರಾಸ್ ಕೊರಿಯರ್’ಗೆ ಸರ್ಕಾರಿ ಪ್ರಕಟಣೆಗಳೂ ಅಂಚೆಯ ವಿನಾಯಿತಿಯೂ ದೊರೆತವು. ಬೊಂಬಾಯಿಯಲ್ಲಿ 1789ರಿಂದ ಪತ್ರಿಕೆಗಳು ಕಾಣಿಸಿಕೊಂಡವು. ಒಲಿದರೆ ಅಂಚೆ, ಮುನಿದರೆ ಹಡಗು ಎಂಬುದು ಕಂಪನಿಯ ನೀತಿಯಾಗಿತ್ತು.

ಮುನಿಸಿಗೆ ಗುರಿಯಾದವರಲ್ಲಿ ವಿಲಿಯಂ ಡ್ವೇನ್ ಒಬ್ಬ. ಈತ ‘ಬೆಂಗಾಲ್ ಜರ್ನಲ್’ ಪತ್ರಿಕೆಯ ಸಂಪಾದಕ. 1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೈನ್ಯದೊಡನೆ ಬಂದು ಟಿಪ್ಪುವಿನ ವಿರುದ್ಧ ಕಾದುತ್ತಿದ್ದ. ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆ ಅವನ ವಶವಾಗಿತ್ತು. ಆ ದಂಡಯಾತ್ರೆಯಲ್ಲಿ ಕಾರ್ನ್‌ವಾಲಿಸ್ ಸತ್ತನೆಂಬ ಗಾಳಿಸುದ್ದಿಯನ್ನು ಡ್ವೇನ್ ಪ್ರಕಟಿಸಿಬಿಟ್ಟ. ಸುದ್ದಿ ಸುಳ್ಳಾಗಿತ್ತು, ತಪ್ಪು ಅವನದೇ. ಆದರೆ ಅದರ ಬೆಲೆಯಾಗಿ ಅವನು ಪತ್ರಿಕೆಯನ್ನೇ ಕಳೆದುಕೊಂಡ. ಮತ್ತೆ ‘ದಿ ವರ್ಲ್ಡ್’ ಎಂಬ ಪತ್ರಿಕೆಯನ್ನು ಕಟ್ಟಿದ. 1794ರ ಕೊನೆಗೆ ಅವನನ್ನು ಬಂಧಿಸಿ ಹಡಗು ಹತ್ತಿಸಲಾಯಿತು. ಇದೇ ಡ್ವೇನ್ ಆಮೇಲೆ ಅಮೆರಿಕದ ಫಿಲಡೆಲ್ಫಿಯದಲ್ಲಿ ‘ಅರೋರ’ ಪತ್ರಿಕೆಯ ಸಂಪಾದಕನಾಗಿ ಅಲ್ಲಿನ ಸರ್ಕಾರದೊಡನೆಯೂ ಹೋರಾಡಿ ಹೆಸರಾದ.

ಕನ್ನಡದ ಓದುಗರು ಮುಖ್ಯವಾಗಿ ಗಮನಿಸಬೇಕಾದ ಘಟ್ಟ 1799. ಟಿಪ್ಪುವಿನ ಮೇಲಿನ ಕೊನೆಯ ಯುದ್ಧವನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಮದರಾಸಿನಲ್ಲಿ ಕುಳಿತು ನಡೆಸುತ್ತಿದ್ದ. ಆಗ ಕಲ್ಕತ್ತೆಯ ‘ಏಷಿಯಾಟಿಕ್ ಮಿರರ್’ ಪತ್ರಿಕೆಯಲ್ಲಿ ಯುರೋಪಿಯನ್ನರ ಮತ್ತು ಇಲ್ಲಿಯವರ ಬಲವನ್ನು ಹೋಲಿಸಿದ ಬರಹವೊಂದು ಬಂದಿತು. ವೆಲ್ಲೆಸ್ಲಿ ಕೆರಳಿದ. ಈ ಸಂಪಾದಕರನ್ನು ಸುಮ್ಮನಿರಿಸಲಾಗದಿದ್ದರೆ ಪತ್ರಿಕೆಗಳನ್ನು ಬಲವಂತದಿಂದ ಅಡಗಿಸಿ ಅವರನ್ನು ಯುರೋಪಿಗೆ ಕಳುಹಿಸಬೇಕೆಂದು ಕಲ್ಕತ್ತೆಯ ಅಧಿಕಾರಿಗೆ ಬರೆದ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಅದೇ ಮೇ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಪತ್ರಿಕಾ ನಿಯಮಗಳು ಜಾರಿಗೆ ಬಂದವು. ಮುದ್ರಕನ ಹೆಸರು ಪ್ರತಿ ಸಂಚಿಕೆಯ ಅಡಿಯಲ್ಲಿರಬೇಕು. ಸಂಪಾದಕನೂ ಮಾಲೀಕನೂ ಹೆಸರು ಮತ್ತು ವಿಳಾಸವನ್ನು ಸರ್ಕಾರದ ಕಾರ್ಯದರ್ಶಿಗೆ ತಿಳಿಸಿರಬೇಕು. ಭಾನುವಾರ ಪತ್ರಿಕೆ ಹೊರಡಕೂಡದು. ಕಾರ್ಯದರ್ಶಿಯೋ ಆತ ನೇಮಿಸಿದವನೋ ಮೊದಲು ನೋಡಿ ಒಪ್ಪದ ಹೊರತು ಯಾವ ಪತ್ರಿಕೆಯೂ ಪ್ರಕಟವಾಗಕೂಡದು. ತಪ್ಪಿದವನಿಗೆ ಶಿಕ್ಷೆ, ಯುರೋಪಿಗೆ ಹೊರಡುವ ಹಡಗು. ಸೈನ್ಯದ ಮತ್ತು ಹಡಗುಗಳ ಓಡಾಟದ ಸುದ್ದಿಗೂ ಕತ್ತರಿ ಬಿದ್ದಿತು.

ಹಿಕಿ ಮಣಿದು 17 ವರ್ಷಗಳಾದ ಮೇಲೆ, ನಮ್ಮ ನೆಲದ ಯುದ್ಧದ ನೆರಳಿನಲ್ಲಿ, ಭಾರತದ ಪೂರ್ವಪರಿಶೀಲನೆಯ ಸೆನ್ಸಾರ್ ವ್ಯವಸ್ಥೆ ಹುಟ್ಟಿದ್ದು ಹೀಗೆ. ಶ್ರೀರಂಗಪಟ್ಟಣದ ಪತನವನ್ನು ನಾವು ರಾಜ್ಯವೊಂದರ ಅಂತ್ಯವಾಗಿ ಓದುತ್ತೇವೆ, ಪಾಠ ಮಾಡುತ್ತೇವೆ. ಅದೇ ತಿಂಗಳು ಕಲ್ಕತ್ತೆಯ ಅಚ್ಚುಮನೆಗಳಲ್ಲಿ ಕರಡು ಹಾಳೆಗಳು ಕಾರ್ಯದರ್ಶಿಯ ಮೇಜಿಗೆ ಹೋಗತೊಡಗಿದವೆಂಬುದನ್ನು ಅದರ ಜೊತೆಗಿಟ್ಟು ಓದುವುದಿಲ್ಲ. 1780ರ ಅಂಚೆ ನಿಷೇಧಕ್ಕೂ ಮೈಸೂರಿಗೂ ನೇರ ಸಂಬಂಧ ಕಲ್ಪಿಸುವುದು ತಪ್ಪಾಗುತ್ತದೆ. ಅದು ಕಲ್ಕತ್ತೆಯೊಳಗಿನ ಜಗಳ. ಆದರೆ 1791 ಮತ್ತು 1799ರ ಘಟನೆಗಳನ್ನು ಮೈಸೂರನ್ನು ಬಿಟ್ಟು ಹೇಳುವುದಕ್ಕಾಗುವುದಿಲ್ಲ.

ಈ ನಿಯಮಗಳಲ್ಲಿ ಒಂದು ಬಿರುಕು ಇತ್ತು. ಗಡೀಪಾರಿನ ಬೆದರಿಕೆ ನಡೆಯುವುದು ಯುರೋಪಿನಿಂದ ಬಂದವನ ಮೇಲೆ. ಇಲ್ಲಿಯೇ ಹುಟ್ಟಿದವನನ್ನು ಎಲ್ಲಿಗೆ ಗಡೀಪಾರು ಮಾಡುವುದು? ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಸಂಪಾದಕ ಹೀಟ್ಲಿ ಭಾರತೀಯ ತಾಯಿಯ ಮಗ. ಆತ ಸೆನ್ಸಾರ್ ಅಧಿಕಾರಿಯ ಮಾತಿಗೆ ಒಪ್ಪದಿದ್ದಾಗ ಸರ್ಕಾರದ ಕೈಯಲ್ಲಿ ಉತ್ತರವಿರಲಿಲ್ಲ. 1818ರಲ್ಲಿ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್ ಪೂರ್ವಪರಿಶೀಲನೆಯನ್ನು ತೆಗೆದುಹಾಕಿದ. ಈತನಿಗೂ ವಾರನ್ ಹೇಸ್ಟಿಂಗ್ಸ್‌ಗೂ ಹೆಸರಿನ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಲಾರ್ಡ್ ಹೇಸ್ಟಿಂಗ್ಸ್‌ನ ಉದಾರಗುಣವನ್ನು ಹೊಗಳುವವರು ಬಹಳ. ಇಲ್ಲಿನವರೇ ಸಂಪಾದಕರಾದಾಗ ಹಳೆಯ ಶಿಕ್ಷೆ ಕೆಲಸಕ್ಕೆ ಬಾರದಂತಾದದ್ದೂ ಅಷ್ಟೇ ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ.

ಅದೇ 1818ರಲ್ಲಿ ಸೆರಾಂಪುರದ ಮಿಶನರಿಗಳು ಬಂಗಾಳಿಯಲ್ಲಿ ‘ಸಮಾಚಾರ ದರ್ಪಣ’ವನ್ನು ಆರಂಭಿಸಿದರು. ಸೆರಾಂಪುರ ಹೂಗ್ಲಿ ನದಿಯ ದಡದಲ್ಲಿದ್ದ ಡೇನರ ವಸಾಹತು. ಕಂಪನಿ ತನ್ನ ಸೀಮೆಯಲ್ಲಿ ಮಿಶನರಿಗಳನ್ನು ಇರಗೊಡದಿದ್ದಾಗ ವಿಲಿಯಂ ಕ್ಯಾರಿ, ಮಾರ್ಷ್‌ಮನ್, ವಾರ್ಡ್ 1800ರಲ್ಲಿ ಡೇನರ ಆಶ್ರಯದಲ್ಲಿ ಅಲ್ಲಿ ಮುದ್ರಣಾಲಯವನ್ನು ಹೂಡಿದರು. ಕ್ಯಾರಿ ರಚಿಸಿದ ಕರ್ನಾಟ ಭಾಷೆಯ ವ್ಯಾಕರಣ ಅಚ್ಚಾದದ್ದು ಅಲ್ಲೇ, ‘ಸಮಾಚಾರ ದರ್ಪಣ’ಕ್ಕಿಂತ ಒಂದು ವರ್ಷ ಮೊದಲು, 1817ರಲ್ಲಿ. ಆ ಮುದ್ರಣಾಲಯದ ಮೊಳೆಗಳ ಹಿಂದೆ ಪಂಚಾನನ ಕರ್ಮಕಾರ ಮತ್ತು ಅವನ ಅಳಿಯ ಮನೋಹರ ಎಂಬ ಬಂಗಾಳಿ ಕುಶಲಕರ್ಮಿಗಳಿದ್ದರು. ಪಂಚಾನನ 1778ರಲ್ಲಿ ಚಾರ್ಲ್ಸ್ ವಿಲ್ಕಿನ್ಸ್‌ನೊಡನೆ ಮೊದಲ ಬಂಗಾಳಿ ಮೊಳೆಗಳನ್ನು ಕೊರೆದವನು. ಹರಿಕಾರರ ಹೆಸರು ನಮಗೆ ಸಿಗಲಿಲ್ಲ. ಕಮ್ಮಾರ ಕುಲದ ಈ ಇಬ್ಬರ ಹೆಸರಾದರೂ ಸಿಕ್ಕಿವೆ. ಅವನ್ನು ನೆನೆಯದೆ ಪತ್ರಿಕೆಯ ಇತಿಹಾಸ ಬರೆಯಬಾರದು.

1823ರಲ್ಲಿ ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಂ ಆ ಬಿರುಕನ್ನು ಮುಚ್ಚಿದ. ‘ಕಲ್ಕತ್ತಾ ಜರ್ನಲ್’ನ ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮ್‌ನನ್ನು ಗಡೀಪಾರು ಮಾಡಿದ್ದಲ್ಲದೆ, ಪರವಾನಗಿಯಿಲ್ಲದೆ ಯಾರೂ ಪತ್ರಿಕೆ ನಡೆಸಕೂಡದೆಂಬ ನಿಯಮವನ್ನು ತಂದ. ಹಡಗು ಹತ್ತಿಸಲಾಗದ ಭಾರತೀಯರನ್ನೂ ಈ ಬಲೆ ಹಿಡಿಯುತ್ತಿತ್ತು. ರಾಜಾ ರಾಮಮೋಹನ ರಾಯ್ ಅವರು ದ್ವಾರಕಾನಾಥ ಟಾಗೋರ್ ಮೊದಲಾದ ಐವರೊಡನೆ ಸೇರಿ ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು. ಅದು ತಿರಸ್ಕೃತವಾಯಿತು. ಇಂಗ್ಲೆಂಡಿನ ದೊರೆಗೆ ಬರೆದ ಮನವಿಯೂ ಫಲಿಸಲಿಲ್ಲ. ಅಂಗಲಾಚಿ ಪಡೆದ ಪರವಾನಗಿಯ ಕೆಳಗೆ ಬರೆಯಲೊಲ್ಲೆವೆಂದು ರಾಯ್ ಅವರು ತಮ್ಮ ಫಾರಸಿ ಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ಅನ್ನು 1823ರ ಏಪ್ರಿಲ್‌ನಲ್ಲಿ ತಾವೇ ನಿಲ್ಲಿಸಿದರು. ಹಿಕಿಯ ಪತ್ರಿಕೆಯನ್ನು ಇತರರು ನಿಲ್ಲಿಸಿದರು, ರಾಯ್ ಅವರು ತಮ್ಮದನ್ನು ತಾವೇ ನಿಲ್ಲಿಸಿದರು. ಪತ್ರಿಕಾ ದಿನಕ್ಕೆ ನಾನು ಒಂದು ಘಟನೆಯನ್ನು ಆರಿಸಬೇಕಾಗಿದ್ದರೆ ಇದನ್ನೇ ಆರಿಸುತ್ತಿದ್ದೆ.

ಆ ಪರವಾನಗಿ ನಿಯಮ ಹೋದದ್ದು 1835ರಲ್ಲಿ, ಚಾರ್ಲ್ಸ್ ಮೆಟ್ಕಾಫ್ ಹಂಗಾಮಿ ಗವರ್ನರ್ ಜನರಲ್ ಆಗಿದ್ದಾಗ. ಹೊಸ ಕಾಯ್ದೆಯಂತೆ ಮುದ್ರಕನೂ ಪ್ರಕಾಶಕನೂ ತಾವು ಯಾರು, ಎಲ್ಲಿ ಮುದ್ರಿಸುತ್ತೇವೆ ಎಂದು ಘೋಷಣೆ ಸಲ್ಲಿಸಿದರೆ ಸಾಕಿತ್ತು. ಅದು ಕಂಪನಿಯ ಎಲ್ಲ ಸೀಮೆಗಳಿಗೂ ಅನ್ವಯಿಸಿತು. 1799ರಲ್ಲಿ ಟಿಪ್ಪುವಿನಿಂದ ಕಂಪನಿಯ ಕೈಸೇರಿದ್ದ ಮಂಗಳೂರು ಅವುಗಳಲ್ಲಿ ಒಂದು. ಎಂಟು ವರ್ಷಗಳ ತರುವಾಯ, 1843ರ ಜುಲೈ 1ರಂದು, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಯಾವ ಕಾರ್ಯದರ್ಶಿಗೂ ಕರಡು ತೋರಿಸಬೇಕಾಗಿರಲಿಲ್ಲ, ಯಾರಿಂದಲೂ ಪರವಾನಗಿ ಬೇಡಬೇಕಾಗಿರಲಿಲ್ಲ. ಊರಿನ ವರ್ತಮಾನ, ಸರ್ಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆಗಳನ್ನು ಹೊತ್ತ ನಾಲ್ಕು ಪುಟಗಳ ಆ ಪಾಕ್ಷಿಕ ಕಲ್ಲಚ್ಚಿನಲ್ಲಿ, ಅಂದರೆ ಮೊಳೆ ಜೋಡಿಸದೆ ಬರಹವನ್ನು ಕಲ್ಲಿನ ಮೇಲಿಂದ ಅಚ್ಚೊತ್ತುವ ವಿಧಾನದಲ್ಲಿ, ಮುದ್ರಿತವಾಗುತ್ತಿತ್ತು. ಕನ್ನಡದ ಕಾಗುಣಿತಕ್ಕೂ ಒತ್ತಕ್ಷರಗಳಿಗೂ ಎಷ್ಟೊಂದು ಬಗೆಯ ಮೊಳೆ ಬೇಕೆಂದು ಬಲ್ಲ ಮೊಳೆಗಾರರ ಮಕ್ಕಳಿಗೆ ಕಲ್ಲಚ್ಚಿನ ಆಯ್ಕೆ ಸಹಜವಾಗಿ ಕಾಣುತ್ತದೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಜನವರಿ 29 ಮತ್ತು ಜುಲೈ 1 ಎಂಬ ಎರಡು ದಿನಗಳನ್ನು ನಾವು ಪ್ರತ್ಯೇಕವಾಗಿ ಆಚರಿಸುತ್ತೇವೆ. ಅವುಗಳ ನಡುವಿನ 63 ವರ್ಷಗಳನ್ನು ನಿಮ್ಮ ಪತ್ರಿಕೆ ಓದುಗರ ಮುಂದಿಡಬೇಕೆಂದು ಕೋರುತ್ತೇನೆ. ಹಿಕಿಯ ಪತ್ರಿಕೆಯ ಉಳಿದ ಸಂಚಿಕೆಗಳನ್ನು ಜರ್ಮನಿಯ ಹೈಡೆಲ್ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ನಮ್ಮ ಪತ್ರಿಕೋದ್ಯಮ ವಿಭಾಗಗಳ ವಿದ್ಯಾರ್ಥಿಗಳು ಟಿಪ್ಪಣಿ ಪುಸ್ತಕಗಳ ಒಂದು ಸಾಲನ್ನು ಬಾಯಿಪಾಠ ಮಾಡುವ ಬದಲು ಒಂದು ಸಂಚಿಕೆಯನ್ನಾದರೂ, ಜಾಹೀರಾತುಗಳ ಸಮೇತ, ಪೂರ್ತಿ ಓದುವಂತೆ ಅಧ್ಯಾಪಕರು ಮಾಡಬೇಕು. ಬರುವ ಜುಲೈ 1ರಂದು ತಾವು ‘ಮಂಗಳೂರ ಸಮಾಚಾರ’ದ ಒಂದು ಪುಟವನ್ನು ಇದ್ದಂತೆಯೇ ಮುದ್ರಿಸಿ, ಪಕ್ಕದಲ್ಲಿ 1780ರ ನವೆಂಬರ್ 14ರ ಅಂಚೆ ಆಜ್ಞೆಯ ಕನ್ನಡ ಅನುವಾದವನ್ನು ಕೊಟ್ಟರೆ ನನ್ನಂಥ ಹಳೆಯ ಅಧ್ಯಾಪಕರಿಗೆ ಬಹಳ ಸಂತೋಷವಾದೀತು. ಅನುವಾದದ ಕೆಲಸಕ್ಕೆ ಜನ ಬೇಕಿದ್ದರೆ ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಧಾರವಾಡ